ಮಳೆ ಪುಸ್ತಕದಲ್ಲಿ ಬಿಪಿ ಕಾಲಂ

ನಮ್ಮನೆ ಜಗಲೀಲಿ ಒಂದು ಮೊಳೆ ಇದೆ, ಅದಕ್ಕೆ ದಾರ ಕಟ್ಟಿ ನೇತು ಹಾಕಿರೋ ಉದ್ದದ ನೋಟ್‌ಬುಕ್ಕು, ಅದೇ ಮಳೆ ಪುಸ್ತಕ. ಕೊಡಗಲ್ಲಿ ಕಾಫಿ ತೋಟ ಇರೋರ ಮನೇಲಿ, ಎರಡು ಎಕರೆ ಇರ್ಲಿ ಇನ್ನೂರು ಎಕರೆ ಇರ್ಲಿ, ಇಂಥದ್ದೊಂದು ಹೆಚ್ಚುಕಮ್ಮಿ ಇದ್ದೇ ಇರುತ್ತೆ. ಬೆಳಿಗ್ಗೆ 8 ಗಂಟೆಗೆ ರೇನ್‌ಗೇಜ್ ನೀರನ್ನ ಅಳತೆ ಗ್ಲಾಸಿಗೆ ಬಗ್ಗಿಸಿ ಇಂಚೆಷ್ಟು ಸೆಂಟೆಷ್ಟು ಅಂತ ಬರೆಯೋದು. (ಮಿಲಿಮೀಟರ್ ಲೆಕ್ಕ ಟಿವಿಯವರಿಗೆ. ನಮಗೆ ನೂರು ಸೆಂಟಿಗೆ ಒಂದು ಇಂಚು, ಫೋನ್ ಮಾಡಿದ್ರೆ ಊಟ ಆಯ್ತಾ ಅಂತ ಕೇಳೋಕೆ ಮುಂಚೆ ನಿಮ್ಮಲ್ಲಿ ಎಷ್ಟು ಸೆಂಟ್ ಅಂತ ಕೇಳೋ ಜನ ನಾವು.)

ಚಿಕ್ಕೋನಿದ್ದಾಗ ಜೋರು ಮಳೆ ಹೊಯ್ಯೋವಾಗ ನಾನು ಗೊರಬೆ ಹಾಕ್ಕೊಂಡು ಓಡೋಗಿ ರೇನ್‌ಗೇಜ್ ಇಣುಕಿ ನೋಡಿ, ಅಪ್ಪಾ ಆಗ್ಲೇ ಎರಡು ಇಂಚು ಅಂತ ಕೂಗೋದು. ಅಪ್ಪ ಪೇಪರಿಂದ ತಲೆ ಎತ್ತದೆ ಹೇಳೋರು, "8 ಗಂಟೆಗೆ ನೋಡಿದ್ದು ಮಳೆ, ಮಧ್ಯ ನೋಡಿದ್ದು ಚಪಲ." ಆ ಮಾತು ನಲವತ್ತು ವರ್ಷ ಆದ್ಮೇಲೆ ಬಿಪಿ ವಿಷಯದಲ್ಲಿ ನನ್ನ ತಲೆ ಮೇಲೆ ಬಂದು ಕೂತ್ಕೊಳ್ಳುತ್ತೆ ಅಂತ ಯಾರಿಗೆ ಗೊತ್ತಿತ್ತು.

ನಂಗೆ ಬಿಪಿ ಅಂತ ಗೊತ್ತಾಗಿದ್ದು 49ನೇ ವಯಸ್ಸಲ್ಲಿ, ಹಲ್ಲು ಕೀಳಿಸೋಕೆ ಹೋದಾಗ. ಮಾತ್ರೆ ಶುರುವಾಯ್ತು, ಬೆಳಿಗ್ಗೆ ತಿಂಡಿ ಆದ್ಮೇಲೆ ಒಂದು. ಮಗಳು ಬೆಂಗಳೂರಿಂದ ಬರ್ತಾ ತೋಳಿಗೆ ಪಟ್ಟಿ ಸುತ್ತೋ ಡಿಜಿಟಲ್ ಮಿಷಿನ್ ತಂದ್ಕೊಟ್ಲು. ಮಿಷಿನ್ ಬಂದಿದ್ದೇ ತಡ, ತಲೆ ಭಾರ ಅನ್ಸಿದ್ರೆ ನೋಡೋದು, ಕುತ್ತಿಗೆ ಹಿಡ್ಕೊಂಡ್ರೆ ನೋಡೋದು, ಯಾರಾದ್ರೂ ನೆಂಟ್ರು ಬಂದ್ರೆ ಅವರದ್ದೂ ನೋಡಿ ನಂದೂ ನೋಡೋದು, ಪಂದ್ಯ ಕಟ್ಟಿದ ಹಾಗೆ. ಅದ್ರಲ್ಲಿ ಬರೋ ನಂಬರ್‌ಗಳನ್ನ ಗೊಬ್ಬರದ ಬಿಲ್ಲಿನ ಹಿಂದೆ, ಕ್ಯಾಲೆಂಡರ್ ಮೂಲೇಲಿ, ಸಿಕ್ಕ ಸಿಕ್ಕ ಕಡೆ ಬರೀತಿದ್ದೆ. ಟೈಮ್ ಬರೆದಿರ್ಲಿಲ್ಲ.

ಆಮೇಲೆ ಒಂದು ಜನವರಿ. ಕಾಫಿ ಕುಯ್ಲಿನ ಟೈಮು, ಸಂಜೆ ಚೀಲ ತೂಗೋವಾಗ ತೂಕದ ವಿಷಯಕ್ಕೆ ಕುಯ್ಯೋರಿಗೂ ನಂಗೂ ಮಾತಿಗೆ ಮಾತು ಬೆಳೀತು, ತಪ್ಪು ಅವರದ್ದೇನಲ್ಲ, ತಕ್ಕಡಿ ಕೊಕ್ಕೆ ಸಿಕ್ಕಾಕ್ಕೊಂಡಿತ್ತು ಅಂತ ಮರುದಿನ ಗೊತ್ತಾಯ್ತು, ಆದ್ರೆ ಅವತ್ತು ನಾನು ಕೂಗಾಡಿ, ಕಣದಿಂದ ಮನೆಗೆ ಏರು ದಾರೀಲಿ ದುಡುದುಡು ಹತ್ತಿ ಬಂದು, ಒಂದು ಲೋಟ ಬೆಲ್ಲದ ಕಾಫಿ ಕುಡಿದು, ಎದೆ ಡವಡವ ಅಂತಿದೆ ಅಂತ ಮಿಷಿನ್ ಕಟ್ಕೊಂಡೆ. 172/104. ಮತ್ತೆ ಒತ್ತಿದೆ, 176. ಮತ್ತೆ ಒತ್ತಿದೆ, ಇನ್ನೂ ಜಾಸ್ತಿ. ಹೆದ್ರಿಕೊಂಡು ಮರುದಿನದ ಮಾತ್ರೆನ ಆವತ್ತು ರಾತ್ರೀನೇ ನುಂಗ್ದೆ, ಬೆಳಿಗ್ಗೆ 5 ಗಂಟೆಗೆ ಎದ್ದು ಬಚ್ಚಲ ಕಡೆ ಹೋಗೋವಾಗ ಕಣ್ಣು ಕತ್ತಲೆ ಬಂದು ಬಾಗಿಲ ದಾರಂದ ಹಿಡ್ಕೊಂಡು ನಿಂತೆ. ಹೆಂಡತಿ ಹಿಡ್ಕೊಂಡು ಕೂರಿಸಿ ನೋಡಿದ್ರೆ 96/58. "ರೀ, ತೋಟಕ್ಕೆ ಔಷಧಿ ಹೊಡೆಯೋ ಹಾಗೆ ನಿಮ್ಮ ಮೈಗೂ ಅಂದಾಜಲ್ಲಿ ಹೊಡೀತೀರಾ?" ಅಂದ್ಲು. ಉತ್ತರ ಇರ್ಲಿಲ್ಲ.

ಡಾಕ್ಟ್ರ ಹತ್ರ ಆ ಚೀಟಿಗಳನ್ನೆಲ್ಲ ತಗೊಂಡು ಹೋದೆ. ಅವರು ಒಂದೊಂದೇ ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಇದು ಮಾತ್ರೆ ತಗೊಳ್ಳೋಕೆ ಮುಂಚೆ ನೋಡಿದ್ದಾ, ಆಮೇಲೆ ನೋಡಿದ್ದಾ?" ನಂಗೆ ಒಂದಕ್ಕೂ ಹೇಳೋಕೆ ಬರ್ಲಿಲ್ಲ. ಚೀಟಿಗಳನ್ನ ಪಕ್ಕಕ್ಕೆ ಸರಿಸಿದ್ರು. ಹೆಚ್ಚುವರಿ ಮಾತ್ರೆ ನುಂಗಿದ ಕಥೆಗೆ ಬೇರೆ ಬೈಗುಳ ಸಿಕ್ತು, ಅದು ಇಲ್ಲಿ ಬೇಡ.

ಆಗ ನೆನಪಾಗಿದ್ದು ಅಪ್ಪನ ಮಾತು. ನಾನು ಇಷ್ಟು ದಿನ ಮಾಡಿದ್ದು ಮಳೆ ಹೊಯ್ಯೋವಾಗ ಓಡೋಗಿ ರೇನ್‌ಗೇಜ್ ಇಣುಕೋ ಕೆಲಸ.

ಬಿಪಿ ಅನ್ನೋದು ದಿನಪೂರ್ತಿ ಒಂದೇ ಕಡೆ ನಿಲ್ಲೋ ವಸ್ತು ಅಲ್ಲ. ನಿದ್ದೇಲಿ ಸಾಮಾನ್ಯವಾಗಿ ಹಗಲಿಗಿಂತ ಶೇಕಡ 10ರಿಂದ 20ರಷ್ಟು ಇಳಿಯುತ್ತೆ, ಏಳೋ ಹೊತ್ತಿಗೆ ಮೈ ತಾನೇ ಒಂದಿಷ್ಟು ಹಾರ್ಮೋನು ಬಿಟ್ಟು ಮೇಲಕ್ಕೆ ತಳ್ಳುತ್ತೆ, ಮೆಟ್ಟಲು ಹತ್ತಿದ್ರೆ ಏರುತ್ತೆ, ಜಗಳಕ್ಕೆ ಏರುತ್ತೆ, ಬಿಸಿನೀರು ಸ್ನಾನಕ್ಕೆ ಇಳಿಯುತ್ತೆ, ಕೆಲವು ವಯಸ್ಸಾದವರಿಗೆ ಊಟ ಆದ್ಮೇಲೂ ಇಳಿಯುತ್ತೆ. ಇವತ್ತು ಸಂಜೆದನ್ನ ನಿನ್ನೆ ಬೆಳಿಗ್ಗೇದರ ಜೊತೆ ಇಟ್ಟು ಅಯ್ಯೋ ಜಾಸ್ತಿ ಆಯ್ತು ಅನ್ನೋದು, ಜೂನ್ ಮಳೆನ ಕಾಫಿ ಹೂ ಅರಳಿಸೋ ಮಾರ್ಚ್ ಹೂಮಳೆ ಜೊತೆ ಇಟ್ಟು ನೋಡಿದ ಹಾಗೆ.

ಡಾಕ್ಟ್ರು ಹೇಳಿದ್ದು, ಆಮೇಲೆ ನಾನು ಕೂತು ಓದಿದ್ದು, ಎರಡೂ ಹೆಚ್ಚುಕಮ್ಮಿ ಒಂದೇ ಇತ್ತು. ಯುರೋಪಿಯನ್ ಸೊಸೈಟಿ ಆಫ್ ಹೈಪರ್‌ಟೆನ್ಷನ್ ಅವರ ಲೆಕ್ಕದ ಪ್ರಕಾರ ಡಾಕ್ಟ್ರ ಹತ್ರ ಹೋಗೋಕೆ ಮುಂಚಿನ 7 ದಿನ, ತೀರಾ ಆಗ್ದಿದ್ರೆ 3 ದಿನಕ್ಕಂತೂ ಕಮ್ಮಿ ಬೇಡ, ಬೆಳಿಗ್ಗೆ ಎರಡು ಸಲ ಸಂಜೆ ಎರಡು ಸಲ, ಎರಡರ ಮಧ್ಯೆ 1 ನಿಮಿಷ ಬಿಟ್ಟು. ಮೊದಲ ದಿನದ್ದನ್ನ ಪೂರ್ತಿ ಬಿಟ್ಟುಬಿಡೋದು, ಯಾಕಂದ್ರೆ ಮೊದಲ ದಿನ ಎಲ್ರಿಗೂ ಸ್ವಲ್ಪ ಗಾಬರಿ ಇರುತ್ತೆ, ಮಿಷಿನ್ ಗರ್ ಅಂತ ಬಿಗಿಯೋದಕ್ಕೇ ಏರುತ್ತೆ. ಉಳಿದ 6 ದಿನದ 24 ಸಲದ್ದನ್ನ, ಮೇಲಿನ ನಂಬರ್ ಬೇರೆ ಕೆಳಗಿನ ನಂಬರ್ ಬೇರೆ, ಕೂಡಿಸಿ 24ರಿಂದ ಭಾಗಿಸಿದ್ರೆ ಅದು ನಿಮ್ಮ ಬಿಪಿ. ಅದು 135/85 ಅಥವಾ ಮೇಲಿದ್ರೆ ಜಾಸ್ತಿ ಅಂತ ಅರ್ಥ. ಆಸ್ಪತ್ರೇಲಿ 140/90 ಅಂತಾರಲ್ಲ, ಮನೇಲಿ ಅದು 135/85, ಮನೇಲಿ ನಾವು ಸಮಾಧಾನವಾಗಿ ಇರ್ತೀವಿ ಅಂತ ಗೆರೆ ಸ್ವಲ್ಪ ಕೆಳಗೆ ಎಳೆದಿದ್ದಾರೆ. (ಅಮೆರಿಕದವರು 2017ರಿಂದ ಇನ್ನೂ ಕೆಳಗೆ, 130/80ಕ್ಕೆ ಎಳೆದಿದ್ದಾರೆ. ನಿಮ್ಮ ಗೆರೆ ಯಾವ್ದು ಅಂತ ನಿಮ್ಮ ಡಾಕ್ಟ್ರನ್ನೇ ಕೇಳಿ, ಶುಗರ್ ಕಿಡ್ನಿ ತೊಂದ್ರೆ ಇರೋರಿಗೆ ಬೇರೆ ಹೇಳ್ಬೋದು.)

ಈಗ ಟೈಮಿಗೆ ಬರೋಣ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಬೆಳಿಗ್ಗೇದು. ಎದ್ದು 1 ಗಂಟೆ ಒಳಗೆ, ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ಮಾತ್ರೆಗೆ ಮುಂಚೆ. ಮತ್ತೆ, ಇದು ಕೊಡಗಿನವರಿಗೆ ಹೇಳೋದು ಕಷ್ಟ, ಕಾಫಿಗೆ ಮುಂಚೆ. ಕಾಫಿ ಬೆಳೆಯೋರಿಗೆ ಎದ್ದ ತಕ್ಷಣ ಕಾಫಿ ಬೇಡ ಅಂದ್ರೆ ಹೇಗೆ? ಕಾಫಿ ಬಿಡಿ ಅಂತಲ್ಲ, ಕುಡಿದು ಅರ್ಧ ಗಂಟೆ ಒಳಗೆ ನೋಡ್ಬೇಡಿ ಅಂತ. ಅದಕ್ಕಿಂತ ನೋಡಿದ್ಮೇಲೆ ಕುಡಿಯೋದು ಸುಲಭ. ನಮ್ಮನೇಲಿ ಈಗ ಒಲೆ ಮೇಲೆ ಕಾಫಿ ಪಾತ್ರೆ ಇಟ್ಟಾಗ ನಾನು ಮಿಷಿನ್ ಹತ್ರ ಕೂರ್ತೀನಿ, ಕಾಫಿ ಕುದ್ದು ಸೋಸೋ ಅಷ್ಟರಲ್ಲಿ 5 ನಿಮಿಷ ಸುಮ್ನೆ ಕೂತಿದ್ದೂ ಆಯ್ತು, ಎರಡು ಸಲ ನೋಡಿದ್ದೂ ಆಯ್ತು. ಬೀಡಿ ಸಿಗರೇಟ್‌ಗೂ ಅದೇ ಅರ್ಧ ಗಂಟೆ ಲೆಕ್ಕ.

ಮಾತ್ರೆಗೆ ಮುಂಚೆ ಯಾಕೆ ಅಂದ್ರೆ, ಅದು ನಿನ್ನೆ ನುಂಗಿದ ಮಾತ್ರೆಯ ಕೊನೇ ಗಂಟೆ. 24 ಗಂಟೆ ತಡೀಬೇಕಾದ ಮಾತ್ರೆ 18 ಗಂಟೆಗೇ ಸುಸ್ತಾಗಿದ್ರೆ ಅದು ಗೊತ್ತಾಗೋದು ಆ ಹೊತ್ತಲ್ಲಿ ಮಾತ್ರ. ಮಾತ್ರೆ ನುಂಗಿ 3-4 ಗಂಟೆ ಆದ್ಮೇಲೆ ನೋಡಿದ್ರೆ ಹೆಚ್ಚಿನವರದ್ದು ಚೆನ್ನಾಗೇ ಕಾಣುತ್ತೆ. ನನ್ನ ಕಥೆ ಹಾಗೇ ಆಗಿತ್ತು ನೋಡಿ. ನಾನು ಬೆಳಿಗ್ಗೆ 8ಕ್ಕೆ ಮಾತ್ರೆ ನುಂಗಿ, ಬಸ್ಸು ಹಿಡಿದು, ಡಾಕ್ಟ್ರ ಬಾಗಿಲಲ್ಲಿ ಟೋಕನ್ ತಗೊಂಡು ಒಳಗೆ ಹೋಗೋವಾಗ 11:30 ಆಗಿರ್ತಿತ್ತು, ಅಲ್ಲಿ 128/80 ಬರ್ತಿತ್ತು, ಸೂಪರ್ ಅಂತ ಅದೇ ಮಾತ್ರೆ ಮುಂದುವರಿಸೋರು. 7 ದಿನ ಸರಿಯಾಗಿ ಬರೆದ್ಮೇಲೆ ನೋಡಿದ್ರೆ ಬೆಳಿಗ್ಗೆದ ಸರಾಸರಿ 146/92, ಸಂಜೇದು 131/82. ಅಂದ್ರೆ ಆಸ್ಪತ್ರೇಲಿ ನಾನು ಒಳ್ಳೇ ಹುಡುಗ, ಬೆಳಿಗ್ಗೆ ಮಾತ್ರ ಹುಲಿ. ಇದಕ್ಕೆ ಅಡಗಿರೋ ಬಿಪಿ ಅನ್ನೋ ಅರ್ಥದ ಹೆಸರೇ ಇದೆ ಅಂತೆ, ಬಿಳಿ ಕೋಟು ಕಂಡ್ರೆ ಏರೋ ಬಿಪಿಗೆ ಉಲ್ಟಾ. ಎರಡೂ ಗೊತ್ತಾಗೋದು ಆಸ್ಪತ್ರೆಯಿಂದ ಹೊರಗೆ ನೋಡಿದ್ರೆ ಮಾತ್ರ. ಜಪಾನಲ್ಲಿ ಓಹಸಾಮ ಅಂತ ಒಂದು ಹಳ್ಳಿ ಕಡೆಯ ಊರಲ್ಲಿ, ಅಲ್ಲೂ ಚಳಿ, ಅಲ್ಲೂ ಬೇಸಾಯದ ಜನ, 80ರ ದಶಕದಲ್ಲೇ ಮನೆಮನೆಗೆ ಮಿಷಿನ್ ಕೊಟ್ಟು ಕೆಲವು ವಾರ ಬರೆಸಿ, ಆಮೇಲೆ ವರ್ಷಗಟ್ಟಲೆ ಅವರನ್ನ ಗಮನಿಸಿದ್ರು, ಮುಂದೆ ಯಾರಿಗೆ ಅಪಾಯ ಅನ್ನೋದನ್ನ ಆಸ್ಪತ್ರೆ ನಂಬರಿಗಿಂತ ಮನೆ ನಂಬರ್ ಚೆನ್ನಾಗಿ ಹೇಳುತ್ತೆ ಅಂತ ಅಲ್ಲಿ ಕಂಡ್ಕೊಂಡ್ರು.

ಡಾಕ್ಟ್ರು ನನ್ನ ಮಾತ್ರೆ ಬದಲಾಯಿಸಿದ್ರು, ಹೆಚ್ಚು ಹೊತ್ತು ನಿಲ್ಲೋದು ಕೊಟ್ರು. ಯಾವ್ದು ಅಂತ ಬರೆಯಲ್ಲ, ಬರೆದ್ರೆ ನಾಳೆ ಯಾರೋ ಮೆಡಿಕಲ್ ಶಾಪಲ್ಲಿ ಅದನ್ನೇ ಕೇಳ್ತಾರೆ.

ಸಂಜೇದು ಸ್ವಲ್ಪ ಸಡಿಲ. ಯುರೋಪಿನವರು ರಾತ್ರಿ ಊಟಕ್ಕೆ ಮುಂಚೆ ಅಂತಾರೆ, ಜಪಾನಿನವರು ಮಲಗೋಕೆ ಮುಂಚೆ ಅಂತಾರೆ. ಯಾವುದಾದ್ರೂ ಒಂದು ಹಿಡ್ಕೊಂಡು ಅದನ್ನೇ ಮಾಡಿ, ದಿನಕ್ಕೊಂದು ಬೇಡ. ನಾನು ಊಟಕ್ಕೆ ಮುಂಚೆ ಇಟ್ಕೊಂಡಿದ್ದೀನಿ, ಆದ್ರೆ ಇಲ್ಲಿ ಒಂದು ಕೊಡಗಿನ ತೊಡಕಿದೆ. ತೋಟದಿಂದ ಬಂದು ಹಂಡೆಯಿಂದ ಕುದಿಯೋ ನೀರು ತೋಡಿಕೊಂಡು ಮೈ ಕೆಂಪಾಗೋ ಹಾಗೆ ಸ್ನಾನ ಮಾಡೋದು ನಮ್ಮ ಅಭ್ಯಾಸ, ಆಮೇಲೆ ಒಲೆ ಮುಂದೆ ಕೂರೋದು. ಬಿಸಿಗೆ ರಕ್ತನಾಳ ಎಲ್ಲ ಸಡಿಲ ಆಗಿ ಬಿಪಿ ಇಳಿದಿರುತ್ತೆ, ಆಗ ನೋಡಿ 118 ಅಂತ ಖುಷಿ ಪಡೋದ್ರಲ್ಲಿ ಅರ್ಥ ಇಲ್ಲ. ಸ್ನಾನಕ್ಕೆ ಮುಂಚೆ ನೋಡಿ, ಅದೂ ತೋಟದಿಂದ ಬಂದು ಅರ್ಧ ಗಂಟೆ ಆದ್ಮೇಲೆ. ಇನ್ನು ಒಂದು ಪೆಗ್ ಹಾಕೋ ಅಭ್ಯಾಸ ಇರೋರು (ಕೈ ಎತ್ತೋದು ಬೇಡ, ಗೊತ್ತು) ಹಾಕಿದ್ಮೇಲೆ ನೋಡಿ ನಂದು ಕಮ್ಮಿ ಇದೆ ಅಂತ ಹೇಳ್ಬೇಡಿ, ಜಾಸ್ತಿ ಕುಡಿದ್ರೆ ಅದು ಮೊದ್ಲು ಕೆಲವು ಗಂಟೆ ಇಳಿಸಿ ಆಮೇಲೆ ಏರಿಸುತ್ತೆ. ಮದುವೆ ಮನೆ ರಾತ್ರಿ, ಪಂದಿ ಕರಿ, ಉಪ್ಪಿನಕಾಯಿ, ಬಾಟ್ಲು, ಎರಡು ಗಂಟೆಗೆ ನಿದ್ದೆ. ಇಂಥ ದಿನದ ಮರುದಿನ ಬೆಳಿಗ್ಗೆ ನಂದು ಯಾವಾಗ್ಲೂ ಹತ್ತು ಹದಿನೈದು ಮೇಲೇ ಇರುತ್ತೆ. ಬರೀತೀನಿ, ಪಕ್ಕದಲ್ಲಿ "ಮದುವೆ" ಅಂತಾನೂ ಬರೀತೀನಿ.

ಜೂನಿಂದ ಆಗಸ್ಟ್ ಮಳೆಗಾಲದಲ್ಲಿ, ಆಮೇಲೆ ಡಿಸೆಂಬರ್ ಜನವರಿ ಚಳೀಲಿ ನಂಬರ್ ಸ್ವಲ್ಪ ಮೇಲಿರೋದು ಸಹಜ, ತಣ್ಣಗಿದ್ರೆ ರಕ್ತನಾಳ ಬಿಗಿಯುತ್ತೆ. ಅದಕ್ಕೇ ಜಗಲೀಲಿ ಕೂತು ನೋಡ್ಬೇಡಿ, ಒಳಗೆ ಬೆಚ್ಚಗಿರೋ ಕಡೆ ಕೂರಿ. ಆದ್ರೆ ಸ್ವೆಟರ್ ಮೇಲೆ ಪಟ್ಟಿ ಕಟ್ಟೋದು ಮಾತ್ರ ಬೇಡವೇ ಬೇಡ. ಚಳಿಗೆ ಸೋಮಾರಿಯಾಗಿ ನಾನು ಒಂದು ತಿಂಗಳು ಹಾಗೇ ಮಾಡಿದ್ದೆ, ಉಣ್ಣೆ ಮೇಲೆ ಕಟ್ಟಿದಾಗ ಒಂದು ನಂಬರ್, ತೋಳು ಬಿಚ್ಚಿ ಕಟ್ಟಿದಾಗ ಬೇರೆ ನಂಬರ್. ಸ್ವೆಟರ್ ತೋಳನ್ನ ಬಿಗಿಯಾಗಿ ಮೇಲಕ್ಕೆ ಸುರುಳಿ ಸುತ್ತೋದೂ ತಪ್ಪೇ, ಅದು ಇನ್ನೊಂದು ಪಟ್ಟಿ ಕಟ್ಟಿದ ಹಾಗೆ ಆಗುತ್ತೆ, ಒಂದು ಕೈ ಪೂರ್ತಿ ಸ್ವೆಟರಿಂದ ಹೊರಗೆ ತೆಗೀರಿ. ಬೆನ್ನು ಕುರ್ಚಿಗೆ ಒರಗಿರ್ಬೇಕು, ಪಾದ ನೆಲಕ್ಕೆ ಮುಟ್ಟಿರ್ಬೇಕು, ಕಾಲ ಮೇಲೆ ಕಾಲು ಬೇಡ, ಕೈ ಮೇಜಿನ ಮೇಲೆ ಎದೆ ಮಟ್ಟಕ್ಕೆ. ಕೈ ಎದೆಗಿಂತ 10 ಸೆಂಟಿಮೀಟರ್ ಕೆಳಗಿದ್ರೆ ಸುಮಾರು 7-8 ಪಾಯಿಂಟ್ ಸುಮ್ ಸುಮ್ನೆ ಜಾಸ್ತಿ ತೋರಿಸುತ್ತೆ. ಮೂತ್ರ ತಡ್ಕೊಂಡು ಕೂತ್ರೂ ಏರುತ್ತೆ, ಮಾತಾಡಿದ್ರೂ ಏರುತ್ತೆ. ನಮ್ಮ ಅವ್ವನಿಗೆ ಈ ಮಾತಾಡ್ಬೇಡಿ ಅನ್ನೋದೇ ದೊಡ್ಡ ಶಿಕ್ಷೆ. ಪಟ್ಟಿ ಬಿಗೀತಾ ಇರೋವಾಗ್ಲೇ "ಎಷ್ಟು ಬಂತು ಮಗಾ, ಎಷ್ಟು ಬಂತು" ಅಂತ ಶುರು.

ಅವ್ವಂಗೆ 78, ಅವರಿಗೆ ಡಾಕ್ಟ್ರು ಇನ್ನೊಂದು ಸೇರಿಸಿದ್ದಾರೆ, ವಾರಕ್ಕೊಂದ್ಸಲ ಕೂತು ನೋಡಿದ್ಮೇಲೆ ಎದ್ದು ನಿಲ್ಲಿಸಿ 1 ನಿಮಿಷ ಆದ್ಮೇಲೆ ಒಂದ್ಸಲ, 3 ನಿಮಿಷ ಆದ್ಮೇಲೆ ಇನ್ನೊಂದ್ಸಲ ನೋಡೋದು. ನಿಂತಾಗ ಮೇಲಿನ ನಂಬರ್ 20 ಅಥವಾ ಕೆಳಗಿನದ್ದು 10 ಇಳಿದ್ರೆ ತಿಳಿಸಿ ಅಂತ. ನಮ್ಮ ಕಡೆ ಮನೆ ಮುಂದೆ ಮೆಟ್ಟಲು, ಮೆಟ್ಟಲ ಮೇಲೆ ಪಾಚಿ, ಮಳೇಲಿ ಜಾರಿದ್ರು ಅಂತ ಹೇಳೋ ಎಷ್ಟೋ ಬೀಳೋದು ನಿಜವಾಗಿ ತಲೆ ಸುತ್ತಿ ಬೀಳೋದು ಇರ್ಬೋದು ಅಂತ ನಂಗೆ ಅನುಮಾನ.

ಇನ್ನೊಂದು ಗಲಾಟೆ, ಮಾತ್ರೆ ಯಾವಾಗ ನುಂಗ್ಬೇಕು ಅನ್ನೋದು. ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಲ್ಲಿ ಒಬ್ಬರು, ಬಿಪಿ ಮಾತ್ರೆ ರಾತ್ರಿ ನುಂಗಿದ್ರೆ ಹಾರ್ಟ್ ಅಟ್ಯಾಕ್ ಅರ್ಧ ಆಗುತ್ತೆ ಅಂತ ಹಾಕಿದ್ರು, ಮರುದಿನ ನಾಲ್ಕು ಜನ ಬದಲಾಯಿಸಿಬಿಟ್ರು. ಅದು ಎಲ್ಲಿಂದ ಬಂತು ಅಂದ್ರೆ 2019ರಲ್ಲಿ ಸ್ಪೇನಿನವರ ಒಂದು ಸ್ಟಡಿ, ಹಾರ್ಟ್ ಅಟ್ಯಾಕ್ ಸ್ಟ್ರೋಕ್ ಥರದ್ದೆಲ್ಲ ಸೇರಿ ಹೆಚ್ಚುಕಮ್ಮಿ ಅರ್ಧ ಆಗುತ್ತೆ ಅಂತ ಹೇಳಿತ್ತು. ಆಮೇಲೆ 2022ರಲ್ಲಿ ಬ್ರಿಟನ್ನಿನ ಟೈಮ್ ಅನ್ನೋ ಹೆಸರಿನ ಸ್ಟಡಿ ಬಂತು, 21,104 ಜನ, ಅರ್ಧ ಜನಕ್ಕೆ ಬೆಳಿಗ್ಗೆ ಅರ್ಧ ಜನಕ್ಕೆ ರಾತ್ರಿ, ಐದು ವರ್ಷಕ್ಕೂ ಮೇಲೆ ನೋಡಿದ್ರು, ಹಾರ್ಟ್ ಅಟ್ಯಾಕ್ ಸ್ಟ್ರೋಕ್ ಸಾವು ಯಾವುದರಲ್ಲೂ ವ್ಯತ್ಯಾಸ ಕಾಣ್ಲಿಲ್ಲ. ಹಾಗಾಗಿ ನೀವು ಮರೀದೆ ನುಂಗೋ ಟೈಮ್ ಯಾವ್ದೋ ಅದೇ ಒಳ್ಳೇದು, ಬದಲಾಯಿಸೋದಿದ್ರೆ ಕೇಳಿ ಬದಲಾಯಿಸಿ. ಆದ್ರೆ ರಾತ್ರಿ ನುಂಗೋರಿಗೆ ಕೊನೇ ಗಂಟೆ ಅಂದ್ರೆ ಸಂಜೆ, ಅದಕ್ಕೆ ಅವರು ಸಂಜೆ ನಂಬರನ್ನೂ ಬೆಳಿಗ್ಗೇದರಷ್ಟೇ ಗಟ್ಟಿಯಾಗಿ ಮಾತ್ರೆಗೆ ಮುಂಚೆ ಹಿಡೀಬೇಕು. ಇದನ್ನ ಗ್ರೂಪಲ್ಲಿ ಬರೆದೆ. ಯಾರೋ ಗುಡ್ ಮಾರ್ನಿಂಗ್ ಹೂವು ಹಾಕಿದ್ರು.

ಬರೆಯೋ ವಿಷಯ. ಮಿಷಿನ್ ಒಳಗೇ ಮೆಮೊರಿ ಇದೆಯಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ಮಳೆಗಾಲದಲ್ಲಿ ಕರೆಂಟ್ ಮೂರು ದಿನ ಇಲ್ಲ, ನಮ್ಮದು ಸೆಲ್ಲಿನ ಮಿಷಿನ್, ಟಾರ್ಚಿಗೆ ಅಂತ ಯಾರೋ ಅದರ ಸೆಲ್ ತೆಗೆದ್ರು, ವಾಪಸ್ ಹಾಕಿದ್ಮೇಲೆ ಗಡಿಯಾರ ಜನವರಿ 1ಕ್ಕೆ ಹೋಗಿ ಕೂತಿತ್ತು. ಅಲ್ಲಿಂದ ಮುಂದಿನ ಎಲ್ಲಾ ರೀಡಿಂಗೂ ಮಧ್ಯರಾತ್ರಿ ಹೊಸ ವರ್ಷದ ದಿನ ನೋಡಿದ ಹಾಗೆ. ಅವತ್ತಿಂದ ಕೈಯಲ್ಲೇ ಬರಿಯೋದು, ಮಳೆ ಪುಸ್ತಕದಲ್ಲೇ ಪಕ್ಕ ಗೆರೆ ಹೊಡೆದು. ಟೈಮು, ಎರಡು ನಂಬರು, ನಾಡಿ, ಮಾತ್ರೆ ನುಂಗಿದ್ದು ಎಷ್ಟೊತ್ತಿಗೆ. ಬಂದ ಎಲ್ಲಾ ನಂಬರೂ ಬರೀಬೇಕು, ಚೆನ್ನಾಗಿರೋದು ಆರಿಸಿ ಅಲ್ಲ. ಮೊದಮೊದ್ಲು ನಾನು 148 ಬಂದ್ರೆ ಅದನ್ನ ಬಿಟ್ಟು ಮೂರನೇ ಸಲ ಬಂದ 139 ಬರೀತಿದ್ದೆ, ಹೆಂಡತಿ ಕಂಡುಹಿಡಿದ್ಲು.

ಮಾತ್ರೆ ಹೊಂದಿಕೊಂಡು ಎಲ್ಲಾ ಸರಿ ಇದ್ದಾಗ ದಿನಾ ನೋಡೋದೂ ಬೇಡ, ನಾನು ಈಗ ವಾರಕ್ಕೆ ಎರಡು ದಿನ, ಡಾಕ್ಟ್ರ ಹತ್ರ ಹೋಗೋ ಹಿಂದಿನ ವಾರ ಪೂರ್ತಿ. ದಿನಕ್ಕೆ ಹತ್ತು ಸಲ ನೋಡೋರಿಗೆ ಮಿಷಿನ್ನೇ ಒಂದು ಕಾಯಿಲೆ. ಆದ್ರೆ 180/120ಕ್ಕಿಂತ ಮೇಲೆ ಬಂದ್ರೆ ಐದು ನಿಮಿಷ ಸುಮ್ನೆ ಕೂತು ಮತ್ತೆ ನೋಡಿ, ಆಗ್ಲೂ ಹಾಗೇ ಇದ್ರೆ ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ. ಅದರ ಜೊತೆ ಎದೆ ನೋವು, ಉಸಿರು ಕಟ್ಟೋದು, ಕೈಕಾಲು ಬಲ ಹೋಗೋದು, ಮಾತು ತೊದಲೋದು, ಕಣ್ಣು ಮಂಜಾಗೋದು ಇದ್ರೆ ಮತ್ತೆ ನೋಡೋದೂ ಬೇಡ, ನಮ್ಮ ಒಳದಾರಿಗಳಿಗೆ ಆಂಬುಲೆನ್ಸ್ ಬರೋಕೆ ಹೊತ್ತಾಗುತ್ತೆ ಅಂತ ಗೊತ್ತಲ್ಲ, 108ಕ್ಕೂ ಹೇಳಿ ಪಕ್ಕದ ಮನೆ ಜೀಪನ್ನೂ ಕೇಳಿ.

ಹೋದ ವಾರ ಡಾಕ್ಟ್ರು ಪುಸ್ತಕ ತಿರುಗಿಸ್ತಾ ಒಂದು ಕಡೆ ನಿಂತ್ರು. ಗುರುವಾರದ ಬೆಳಿಗ್ಗೆ ಮಳೆ ಕಾಲಂ 1 ಇಂಚು 35 ಸೆಂಟ್, ಬಿಪಿ ಕಾಲಂನಲ್ಲಿ ನಂಬರ್ ಇಲ್ಲ, "ಆನೆ" ಅಂತ ಮಾತ್ರ. ಇದೇನ್ರೀ ಅಂದ್ರು. ಬೆಳಿಗ್ಗೆ 6ಕ್ಕೆ ಹಲಸಿನ ಮರದ ಹತ್ರ ಒಂಟಿ ಸಲಗ ನಿಂತಿತ್ತು ಡಾಕ್ಟ್ರೇ, ಪಟಾಕಿ ಹೊಡೆದು ಕಳಿಸೋ ಅಷ್ಟರಲ್ಲಿ 7 ಆಯ್ತು, ಆಮೇಲೆ ನೋಡಿದ್ರೆ ಅದು ನನ್ನ ಬಿಪಿ ಅಲ್ಲ ಅಂತ ನೋಡ್ಲಿಲ್ಲ ಅಂದೆ. ಅವರು ನಕ್ಕು ಪುಟ ತಿರುಗಿಸಿದ್ರು.